ಮೌಸ್‌ನ ಅಡಿಗೆ ಜಿಗಿದ ವಿಂಡೋ

ಸಂಜೆ ನಾಲ್ಕು ಹತ್ತಕ್ಕೆ ಅಕ್ಕ ಮೌಸ್ ಒತ್ತಿದಳು. ಪರದೆಯ ಗಡಿಯಾರವನ್ನು ಆಗಷ್ಟೇ ನೋಡಿದ್ದೆ. ಆ ಹೊತ್ತು ಇನ್ನೂ ತಲೆಯಿಂದ ಹೋಗಿಲ್ಲ.

ಆಲ್ದೂರಿನ ಆಚೆ ನಮ್ಮ ತೋಟದಲ್ಲಿ ಕಾಫಿ ಒಣಗಿಸುವ ದೊಡ್ಡ ಡ್ರಮ್ ಇದೆ. ಅದನ್ನು ಕಂಪ್ಯೂಟರಿನಿಂದಲೇ ತಿರುಗಿಸಲು, ನಿಲ್ಲಿಸಲು ಅಕ್ಕ ಆ ವಾರವಷ್ಟೇ ಪ್ರೋಗ್ರಾಂ ಬರೆದಿದ್ದಳು. ಅದರ ವಿಂಡೋದ ಮೇಲ್ತುದಿಗೆ ಮಾಮೂಲಿ ಪಟ್ಟಿ ಇದ್ದರೆ ಯಾರಾದರೂ ಗುಣಿಸು ಗುರುತು ಒತ್ತಿ ಮುಚ್ಚಿಬಿಡುತ್ತಾರೆಂದು ಅದನ್ನು ತೆಗೆದು, ತನ್ನದೇ ಪಟ್ಟಿ ಮಾಡಿದ್ದಳು. ಅದರ ಎಡ ಮೂಲೆಯಲ್ಲಿ 'ಚಾಲೂ' ಗುಂಡಿ. ವಿಂಡೋವನ್ನು ಎಳೆದು ಸರಿಸುವ ಕೆಲಸವೂ ಅವಳ ಕೋಡಿನದೇ.

ಕಂಪ್ಯೂಟರಿನ ಮೇಜಿನಿಂದ ಕಾಣುವ ಡ್ರಮ್ ಆಗ ತಿರುಗದೆ ನಿಂತಿತ್ತು. ಮೇಸ್ತ್ರಿ ಅದರೊಳಗೆ ಕೂತು, ಒಂದು ಕಾಲನ್ನು ಬಾಗಿಲಿನಿಂದ ಹೊರಗೆ ಚಾಚಿ, ಅಂಟಿದ ಕಾಳು ಕೆರೆಯುತ್ತಿದ್ದರು. ಕಣದ ತುಂಬ ಕಾಫಿ ಹರಡಿತ್ತು.

"ಅಮ್ಮ, ಮಳೆ ಬರುತ್ತಾ ಸ್ವಲ್ಪ ನೋಡಿ. ಬೆಳಿಗ್ಗೆಯಿಂದ ಮೋಡ ನಮ್ಮತ್ತೆ ಮುಖದ ಹಾಗೆ ಇದೆ," ಎಂದು ಒಳಗಿನಿಂದಲೇ ಅಕ್ಕನಿಗೆ ಕೂಗಿದರು.

ಮೋಡದ ನಕ್ಷೆ ತೆರೆದೇ ಇತ್ತು. ಅಕ್ಕನ ವಿಂಡೋ ಅದನ್ನು ಮುಚ್ಚಿತ್ತು. ಅವಳು ಪಟ್ಟಿಯ ನಡುವೆ ಹಿಡಿದು ಎಳೆದಳು. ವಿಂಡೋ ಒಮ್ಮೆಲೇ ಬಲಕ್ಕೆ ಜಿಗಿದು, ಅದರ ಎಡ ಮೂಲೆ ಮೌಸ್‌ನ ಬಾಣದ ಅಡಿಗೆ ಬಂತು. ಗಾಬರಿಯಾಗಿ ಬೆರಳು ಬಿಟ್ಟಳು. ಬಿಟ್ಟದ್ದು 'ಚಾಲೂ' ಮೇಲೆ.

ಡ್ರಮ್ ತಿರುಗತೊಡಗಿತು. ಹೊರಗಿದ್ದ ಕಾಲು ಮೇಲೇರುವುದು ಕಂಡಿತು. ಗೋಡೆಯ ಕೆಂಪು ಸ್ವಿಚ್ಚಿನವರೆಗೆ ಹೇಗೆ ಓಡಿದೆನೋ ನೆನಪಿಲ್ಲ. ಅಂಗೈಯಿಂದ ಹೊಡೆದದ್ದಷ್ಟೇ ನೆನಪು. ಕಾಲಿಗೂ ಚೌಕಟ್ಟಿನ ಕಬ್ಬಿಣಕ್ಕೂ ನಡುವೆ ಗೇಣು ಜಾಗವೂ ಉಳಿದಿರಲಿಲ್ಲ.

ಮೇಸ್ತ್ರಿ ತೆವಳಿ ಹೊರಬಂದರು. "ನನ್ನನ್ನೂ ಒಣಗಿಸಿ ಚೀಲಕ್ಕೆ ತುಂಬೋಕೆ ಹೊರಟಿದ್ರಾ ಮಾರಾಯ್ರೆ?" ನಗಲು ನೋಡಿದರು, ಆಗಲಿಲ್ಲ.

ತಪ್ಪು ಅಕ್ಕನ ಕೋಡಿನಲ್ಲೇ ಇತ್ತು. ಒತ್ತಿದ ಕ್ಷಣದಲ್ಲಿ ವಿಂಡೋದ ಮೂಲೆಯಿಂದ ಮೌಸ್ ಎಷ್ಟು ದೂರವಿದೆಯೆಂದು ನೆನಪಿಟ್ಟು, ಎಳೆಯುವಾಗ ಅಷ್ಟನ್ನು ಕಳೆಯಬೇಕಿತ್ತು. ಅವಳ ಕೋಡ್ ಮೂಲೆಯನ್ನೇ ಮೌಸ್ ಇದ್ದಲ್ಲಿಗೆ ತಂದಿಡುತ್ತಿತ್ತು. ಗುಂಡಿಯೋ, ತನ್ನ ಮೇಲೆ ಒತ್ತಿದ್ದರೋ ಇಲ್ಲವೋ ನೋಡದೆ, ಬೆರಳು ಬಿಟ್ಟರೆ ಸಾಕು, ಒತ್ತಿದಂತೆಯೇ ತಿಳಿಯುತ್ತಿತ್ತು. ಎರಡನ್ನೂ ಅಕ್ಕ ಮರುದಿನವೇ ಸರಿಪಡಿಸಿದಳು. ಆದರೂ ರಾತ್ರಿ ಕಣ್ಣು ಮುಚ್ಚಿದರೆ ನನಗೆ ಆ ಕಾಲು ಮೇಲೇರುವುದೇ ಕಾಣುತ್ತಿತ್ತು. ಪಕ್ಕದ ಮಂಚದಲ್ಲಿ ಅಕ್ಕನೂ ನಿದ್ದೆಯಿಲ್ಲದೆ ಹೊರಳುತ್ತಿದ್ದಳು.

ಆಮೇಲೆ ಡ್ರಮ್ಮಿನ ಮೇನ್ ಸ್ವಿಚ್ಚಿಗೆ ಬೀಗ ಬಂತು. ಒಳಗೆ ಹೋಗುವವರೇ ಕರೆಂಟ್ ತೆಗೆದು ಬೀಗ ಹಾಕಬೇಕು. ಮೇಸ್ತ್ರಿ ಮತ್ತೆ ಒಳಗೆ ಹೋಗಬೇಕಾದ ದಿನ, ಬೀಗ ಹಾಕಿದ ಮೇಲೆ ಅಕ್ಕ ಬೇಕೆಂದೇ 'ಚಾಲೂ' ಒತ್ತಿದಳು. ಡ್ರಮ್ ಅಲುಗಲಿಲ್ಲ.

"ಇನ್ನೊಂದ್ಸಲ ಒತ್ತಿ," ಎಂದರು ಮೇಸ್ತ್ರಿ.

ಒತ್ತಿದಳು. ಅವರು ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಒಳಗೆ ನುಸುಳಿದರು. ಕೆಲಸ ಮುಗಿಸಿ, ಮೈಯ ಧೂಳು ಕೊಡವಿಕೊಂಡು ಹೊರಬರುವವರೆಗೂ ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಆ ರಾತ್ರಿ ನಮ್ಮಿಬ್ಬರಿಗೂ ನಿದ್ದೆಯ ಮಧ್ಯೆ ಎಚ್ಚರವಾಗಲಿಲ್ಲ.