ತವರಿನ ಹೆಂಟೆ

ಹೋದ ತಿಂಗಳು ದೇವದುರ್ಗದ ಕಡೆಯ ನನ್ನ ತವರೂರಿಗೆ ಹೋಗಿದ್ದೆ. ಗುಡ್ಡದ ಮಗ್ಗುಲಲ್ಲಿ ಮಣ್ಣು ಪರೀಕ್ಷೆಯವರು ಚೀಲ ತುಂಬುತ್ತಿದ್ದರು. ಅವರು ಒಡೆದ ಮಣ್ಣಿನ ಹೆಂಟೆಯ ಮೇಲೆ ಒಂದಿಷ್ಟು ನೀರು ಚೆಲ್ಲಿತು. ಆ ವಾಸನೆ ಮೂಗಿಗೆ ಬಂದದ್ದೇ ತಡ, ಮಾನ್ವಿಯ ನೆರೆಮನೆಯ ಖಾಲಾ ನೆನಪಾದಳು. ಖಾಲಾ ಅಂದರೆ ಚಿಕ್ಕಮ್ಮ, ಓಣಿಯೆಲ್ಲ ಅವಳನ್ನು ಹಾಗೇ ಕರೆಯುತ್ತಿತ್ತು...

ಎಪ್ಪತ್ತರ ದಶಕದಲ್ಲಿ ನಾನು ಮಾನ್ವಿಗೆ ಸೊಸೆಯಾಗಿ ಬಂದಾಗ ಖಾಲಾ ಬಸುರಿ. ಬಸುರಿಯರ ಮಣ್ಣಿನ ಬಯಕೆ ನಮ್ಮಲ್ಲಿ ಹೊಸದೇನಲ್ಲ. ಒಲೆಯ ಮಣ್ಣು ಕೆರೆದು ತಿನ್ನುತ್ತಿದ್ದವಳಿಗೆ ತವರಿನ ಗುಡ್ಡದಿಂದ ಒಂದು ಹೆಂಟೆ ತಂದುಕೊಟ್ಟೆ. ಕೆಂಡದಲ್ಲಿ ಸುಟ್ಟು, ಚೂರು ಬಾಯಿಗೆ ಹಾಕಿ ಕಣ್ಣು ಮುಚ್ಚಿದಳು.

"ಎಂಥಾ ಮಣ್ಣು ಬೇ ನಿಮ್ಮೂರಂದು. ನಮ್ಮ ಮಾನ್ವಿ ಮಣ್ಣು ಇದರ ಮುಂದ ಬರೇ ಬೂದಿ."

ಮಾನ್ವಿಯಲ್ಲಿ ನನ್ನ ತವರನ್ನು ಹೊಗಳಿದವಳು ಅವಳೊಬ್ಬಳೇ. ಉಬ್ಬಿಹೋದೆ. ಹೆಣ್ಣು ಮಗು ಹುಟ್ಟಿದ ಮೇಲೂ ಅವಳ ಚಟ ಹೋಗಲಿಲ್ಲ, ನನ್ನ ಹೆಮ್ಮೆಯೂ ಹೋಗಲಿಲ್ಲ. ಅವ್ವ ಉಡಿ ತುಂಬಿ ಕಳಿಸಿದಾಗಲೆಲ್ಲ ಅಕ್ಕಿ, ಕೊಬ್ಬರಿ ಜೊತೆ ಖಾಲಾಳ ಹೆಂಟೆಯೂ ಉಡಿಯಲ್ಲೇ ಬರುತ್ತಿತ್ತು.

ಎಂಬತ್ತರ ಸುಮಾರಿಗೆ ಅವಳ ಅಂಗೈ ತುಂಬ ಗಡಸು ಗಂಟುಗಳೆದ್ದವು. ರಂಜಾನಿಗೆ ಶಾವಿಗೆ ಹೊಸೆದು ಓಣಿಗೆಲ್ಲ ಹಂಚುವ ಕೈ ಅದು. ರಾಯಚೂರಿನ ಡಾಕ್ಟರು ಮುಲಾಮು ಕೊಟ್ಟರು, ಗುಣವಾಗಲಿಲ್ಲ. ಓಣಿಯವರು ಅವಳ ಶಾವಿಗೆ ಒಲ್ಲೆ ಅಂದರು. ನಾನು ಮಾತ್ರ ತಿನ್ನುತ್ತಿದ್ದೆ. ನನ್ನಷ್ಟು ದೊಡ್ಡ ಗುಣ ಯಾರಿಗಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ, ಮೂರ್ಖಳು.

ಹಾಸಿಗೆ ಹಿಡಿದ ಮೇಲೂ ಕೇಳಿದಳು, "ಬಾಯಿಗಿ ರುಚೀನೇ ಇಲ್ಲ ಬೇ. ನಿಮ್ಮೂರ ಮಣ್ಣು ಮರೀಬ್ಯಾಡ."

ಮರೆಯಲಿಲ್ಲ. ಆ ಸಲ ದೊಡ್ಡ ಹೆಂಟೆಯನ್ನೇ ಆರಿಸಿ ತಂದೆ. ಅದು ಮುಗಿಯುವ ಮೊದಲೇ ಅವಳು ಹೋದಳು...

ಏನು ಹುಡುಕುತ್ತಿದ್ದೀರೆಂದು ಪರೀಕ್ಷೆಯವರನ್ನು ಕೇಳಿದೆ.

"ಈ ಗುಡ್ಡದ ಮಣ್ಣಾಗ ಆರ್ಸೆನಿಕ್ ಅನ್ನೋ ಪಾಷಾಣ ಅದ ರೀ ಅಮ್ಮಾ. ಯಾರೂ ಬೆರೆಸಿದ್ದಲ್ಲ, ಮೊದಲಿಂದ ಕಲ್ಲಾಗೇ ಅದ," ಎಂದ ಒಬ್ಬ. ಅದು ಮೈಗೆ ಸೇರಿದರೆ ಅಂಗೈ ಗಂಟುಗಟ್ಟುತ್ತದೆ ಎಂದೂ ಹೇಳಿದ. ಖಾಲಾಳ ಕಥೆ ಹೇಳಿದೆ. ಕೈಯಲ್ಲಿದ್ದ ಚೀಲ ಕೆಳಗಿಟ್ಟ. "ಇರಬಹುದು ರೀ. ಹಿಂಗ ಅಂತ ಹೇಳಾಕ ಬರಂಗಿಲ್ಲ. ನಿಮಗೇನ್ ಗೊತ್ತಿತ್ತು, ಬಿಡ್ರಿ."

ಬಿಡುವುದು ಹೇಗೆ? ಮಣ್ಣಿನದೂ ತಪ್ಪಲ್ಲ, ಅವಳದೂ ತಪ್ಪಲ್ಲ. ಹೊತ್ತು ತಂದವಳು ನಾನು.

ಮಾನ್ವಿಗೆ ವಾಪಸಾದಾಗ ಖಾಲಾಳ ಮಗಳು ಬಾಗಿಲಲ್ಲಿ ನಿಂತಿದ್ದಳು.

"ತವರಿಗಿ ಹೋಗಿದ್ರಂತಲ್ರೀ. ಮಣ್ಣು ತಂದೀರೇನ್ರಿ? ಅಮ್ಮೀ ಕಬರಿನ ಮ್ಯಾಲ ಒಂದು ಹಿಡಿ ಹಾಕಿ ಬರ್ತಿದ್ದೆ. ಭಾಳ ಖುಷಿ ಆಗ್ತಿದ್ಲು."

ಅಂಗೈ ಚಾಚಿಯೇ ನಿಂತಿದ್ದಳು. ನುಣುಪಾದ ಅಂಗೈ.

"ಮರೆತೆ ಬೇ," ಎಂದೆ.