ಏಳು ಕಚ್ಚು

ತಲೆನೋವು ಬಂದರೆ ನಾನು ಮಾತ್ರೆ ನುಂಗುವುದಿಲ್ಲ, ಕಾಫಿ ಕುಡಿಯುತ್ತೇನೆ. ಇಷ್ಟು ವರ್ಷ ಊರಿಗೆಲ್ಲ ಔಷಧಿ ಹಂಚಿದವನು ಹೀಗೆ ಹೇಳಬಾರದು, ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏನು? ಫಾರ್ಮಸಿ ಓದುವವರು ಬಂದು, 'ಆಸ್ಪತ್ರೆ ಒಳ್ಳೇದಾ, ಅಂಗಡಿ ಒಳ್ಳೇದಾ ಸಾರ್?' ಎಂದು ಕೇಳುತ್ತಾರೆ. ಎರಡೂ ಕಡೆ ಏಗಿದವನ ಮುಖ ನೋಡಿದರೇ ಉತ್ತರ ಗೊತ್ತಾಗಬೇಕು.

ಡಿಪ್ಲೊಮಾ ಮುಗಿದಾಗ ಅಕ್ಕನ ಗಂಡ ಬಂಗಾರಪೇಟೆಯ ತಮ್ಮ ಮೆಡಿಕಲ್ ಶಾಪಿಗೆ ಕರೆದರು. ಸೋಪು, ಹಾಲಿನ ಪುಡಿ ಮಾರುವುದಕ್ಕೆ ಇಷ್ಟು ಓದಬೇಕಿತ್ತೇ ಎಂದು ಮೂಗು ಮುರಿದು, ಚಿನ್ನದ ಗಣಿಗಳಿದ್ದ ಊರಿಗಾಂ ಕಡೆಯ ಒಂದು ಸಣ್ಣ ಧರ್ಮಾಸ್ಪತ್ರೆ ಸೇರಿದೆ. ಬಿಳಿ ಕೋಟು ಹಾಕಿಕೊಂಡರೆ ಅರ್ಧ ಡಾಕ್ಟರು ಎಂದುಕೊಂಡಿದ್ದೆ. ಜನರೂ ಕಿಟಕಿಯ ಮುಂದೆ ನಿಂತು ಕೈಮುಗಿಯುತ್ತಿದ್ದರು. ನಮಸ್ಕಾರ ಕೋಟಿಗೋ ನನಗೋ ಎಂದು ವಿಚಾರಿಸುವ ವಯಸ್ಸಲ್ಲ ಅದು.

ಆಗ ಕೆಮ್ಮಿನ ಮಿಕ್ಸ್ಚರಿಗೆ ಬಾಟಲಿಯನ್ನು ರೋಗಿಯೇ ತರಬೇಕು. ಎಣ್ಣೆಯದೋ ಬ್ರಾಂದಿಯದೋ, ತೊಳೆದಿದ್ದರೆ ಸರಿ. ಜಾಡಿಯಿಂದ ಸುರಿದು, ಒಂದು ಕಾಗದದ ಪಟ್ಟಿಯ ಅಂಚಿನಲ್ಲಿ ಹೊತ್ತಿಗೊಂದರಂತೆ ಕಚ್ಚು ಕತ್ತರಿಸಿ ಬಾಟಲಿಗೆ ಅಂಟಿಸುತ್ತಿದ್ದೆ. ಒಂದು ಹೊತ್ತಿಗೆ ಒಂದು ಕಚ್ಚಿನಷ್ಟು ಔಷಧಿ ಇಳಿಯಬೇಕು. ಡಾಕ್ಟರ ಚೀಟಿಯ ಲ್ಯಾಟಿನ್ ಓದುವುದನ್ನು ಎರಡು ವರ್ಷ ಕಲಿತಿದ್ದೆ. ಕೊನೆಗೆ ಕೈಗೆ ಬಂದದ್ದು ಕತ್ತರಿ.

ಚಾಂಪಿಯನ್ ರೀಫ್ಸ್‌ನ ಮುನಿವೆಂಕಟಪ್ಪ ಪ್ರತಿ ಸೋಮವಾರ ಬರುತ್ತಿದ್ದ. ಗಣಿಯೊಳಗೆ ಕಲ್ಲು ಕೊರೆದು ಎದೆಗೆ ದೂಳು ತುಂಬಿಕೊಂಡವನು. ಆತನಿಗೆ ಮಲಗುವಾಗ ಒಂದೇ ಹೊತ್ತು, ವಾರಕ್ಕೆ ಏಳು ಕಚ್ಚು. 'ನಿಮ್ ಕೈಗುಣ ಸಂದಾಗೈತೆ ಸೋಮಿ' ಎನ್ನುತ್ತಿದ್ದ, ನಾನು ಉಬ್ಬುತ್ತಿದ್ದೆ. ಬರಬರುತ್ತ ಔಷಧಿಯ ಸರಬರಾಜು ಕಡಿಮೆಯಾಯಿತು. ಬಂದವರನ್ನು ಬರಿಗೈಲಿ ಕಳಿಸಲು ನಾಚಿಕೆಯಾಗಿ, ಯಾರೂ ಹೇಳದೆ, ನಾನೇ ಜಾಡಿಗೆ ನೀರು ಬೆರೆಸಿದೆ. ಮುಂದಿನ ಸೋಮವಾರ ಮುನಿವೆಂಕಟಪ್ಪ, 'ಓದ್ ವಾರದ್ದು ಸಂದಾಗಿ ಇಡೀತು ಸೋಮಿ' ಎಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ತಿಂಗಳೇ ಕೋಟು ಬಿಚ್ಚಿಟ್ಟು ಭಾವನ ಅಂಗಡಿಗೆ ಬಂದೆ.

ಅಂಗಡಿಯಲ್ಲಿ ಎಲ್ಲವೂ ಸೀಲು ಹಾಕಿದ್ದು, ನೀರಿನ ಭಯವಿಲ್ಲ. ಕೈಗುಣಕ್ಕೂ ಕೆಲಸವಿಲ್ಲ, ಬಂದವರು ಚೀಟಿ ತಳ್ಳಿ ರೈಲ್ವೆ ಸ್ಟೇಷನ್ನಿನ ಕಡೆ ನೋಡುತ್ತ ನಿಲ್ಲುತ್ತಾರೆ. ಕೊಟ್ಟದ್ದು ಯಾರಿಗೆ ನಾಟಿತು, ಯಾರಿಗೆ ಇಲ್ಲ, ಒಂದೂ ತಿಳಿಯುವುದಿಲ್ಲ. ಬದುಕು ಹೀಗೇ ಮುಗಿಯುತ್ತದಲ್ಲ ಎಂದು ಕುಗ್ಗಿಹೋಗಿದ್ದಾಗ, ಒಂದು ಸೋಮವಾರ ಮುನಿವೆಂಕಟಪ್ಪ ನನ್ನನ್ನು ಹುಡುಕಿಕೊಂಡು ಬಂದ. ಖುಷಿಯಿಂದ ಅಸಲಿ ಸಿರಪ್ ಕೊಟ್ಟೆ. ಆತ ಚೀಲದಿಂದ ಖಾಲಿ ಬಾಟಲಿ ತೆಗೆದು, 'ಇದ್ರಾಗೆ ಉಯ್ದು ಕಾಗ್ದ ಅಂಟ್ಸಿ ಕೊಡಿ' ಎಂದ. ಭಾವ ನಕ್ಕರು.

ನನಗೆ ತಡೆಯಲಾಗಲಿಲ್ಲ. ಪಕ್ಕಕ್ಕೆ ಕರೆದು, ಅಂದು ನೀರು ಬೆರೆಸಿದ್ದನ್ನೂ, ಆ ಎದೆಯ ದೂಳಿಗೆ ಯಾವ ಸಿರಪ್ಪೂ ನಾಟುವುದಿಲ್ಲ ಎಂಬುದನ್ನೂ ಹೇಳಿಬಿಟ್ಟೆ.

'ನಾಲಿಗ್ಗೆ ಗೊತ್ತಾಗಲ್ವಾ ಸೋಮಿ? ಆವತ್ತೇ ಗೊತ್ತಾಯ್ತು. ಏಳು ಕಚ್ಚು ಆಕ್ಕೊಟ್ರೆ ಏಳು ದಿನ ಇರ್ಬೇಕು ಅನ್ನಿಸ್ತದೆ. ಬರೀ ಬಾಟ್ಲಿ ಆದ್ರೆ ಎಲ್ಲೀಗಂಟ ಅಂತ ಗೊತ್ತಾಗಲ್ಲ.'

ನಾನು ಹದಿನಾಲ್ಕು ಕಚ್ಚು ಕತ್ತರಿಸಿದೆ. ಆತ ಹೆಬ್ಬೆರಳಿನಿಂದ ಸವರಿ ಎಣಿಸಿ ನಕ್ಕ. 'ಏಳು ಸಾಕು ಸೋಮಿ. ಬೇಗ ಮುಗೀದಿದ್ರೆ ನಿಮ್ಮತ್ರ ಬರೋದು ಎಂಗೆ?'

ಮೂರು ಸೋಮವಾರ ಬಂದ. ನಾಲ್ಕನೆಯದಕ್ಕೆ ನಾನು ಬೆಳಿಗ್ಗೆಯೇ ಪಟ್ಟಿ ಕತ್ತರಿಸಿ, ಗೋಂದು ಹಚ್ಚಿ ಕೂತಿದ್ದೆ. ಮಧ್ಯಾಹ್ನಕ್ಕೆ ಗೋಂದು ಒಣಗಿತು. ಇನ್ನೊಮ್ಮೆ ಹಚ್ಚಿದೆ.