ಪೇಸ್ಯಾ ಗ್ಲೇಜರ್ ಅವರ ನಾಲ್ಕನೆಯ ನೋಟ್‌ಬುಕ್

ಬೆಳಗಿನ ಐದೂವರೆ. ಹೈಫಾದ ಹದಾರ್ ಬಡಾವಣೆಯ ಲಾಂಡ್ರಿಯಲ್ಲಿ ಎಂಬತ್ತಾರು ವರ್ಷದ ಪೇಸ್ಯಾ ಗ್ಲೇಜರ್ ಹಳೆಯ ಇಸ್ತ್ರಿಪೆಟ್ಟಿಗೆ ಬಿಸಿಯಾಗಲೆಂದು ನಿಂತಿದ್ದಾರೆ. ಆ ನಾಲ್ಕು ನಿಮಿಷದಲ್ಲಿ ಮೇಜಿನ ಮೇಲೆಯೇ ಶಾಲಾ ಮಕ್ಕಳ ಹಸಿರು ರಟ್ಟಿನ ನೋಟ್‌ಬುಕ್ ಬಿಡಿಸಿ, ನಿಂತೇ ಬರೆಯುತ್ತಾರೆ. ಬಿಸಿಯಾಯಿತೋ, ವಾಕ್ಯ ಅರ್ಧಕ್ಕಿದ್ದರೂ ಪೆನ್ನು ಕಿವಿಯ ಮೇಲಕ್ಕೆ ಹೋಗುತ್ತದೆ.

"ದಿನಕ್ಕೆ ನಲವತ್ತು ಅಂಗಿ, ಒಂದು ಪುಟ," ಅನ್ನುತ್ತಾರೆ. "ಅಂಗಿ ಸುಟ್ರೆ ಬೈಸ್ಕೋತೀನಿ. ಪುಟ ಕೆಟ್ರೆ ಯಾರು ಕೇಳ್ತಾರೆ?"

ಎಲೆಮರೆಯ ಕಾಯಿಯೊಂದನ್ನು ಹುಡುಕಿ ಬರೆ ಎಂದು ಪತ್ರಿಕೆಯ ಸಂಪಾದಕರು ನನ್ನನ್ನು ಕಳಿಸಿದ್ದಾರೆ. ಮೊದಲೇ ಹೇಳಿಬಿಡುತ್ತೇನೆ, ಈ ಮುದುಕಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಹೀಬ್ರೂವಿನಲ್ಲಿ ಮೂರು ಕಾದಂಬರಿ ಬರೆದವನು, ಲಾಂಡ್ರಿಯ ಎದುರುಮನೆಯವನು. ಕೊನೆಯ ಪುಸ್ತಕದ ಬಿಡುಗಡೆಗೆ ಹನ್ನೊಂದು ಜನ ಬಂದಿದ್ದರು, ಅವರಲ್ಲಿ ಇಬ್ಬರು ಮಳೆಯಿಂದ ತಪ್ಪಿಸಿಕೊಳ್ಳಲು ಒಳಬಂದವರು. ಪೇಸ್ಯಾ ಯಿದ್ದಿಷ್‌ನಲ್ಲಿ, ಯುರೋಪಿನಿಂದ ಬಂದ ನಮ್ಮ ಅಜ್ಜಿಯರು ಜಗಳವಾಡುತ್ತಿದ್ದ ಆ ಭಾಷೆಯಲ್ಲಿ, ಗುರುವಾರ ಮಧ್ಯಾಹ್ನ ಓದುತ್ತಾರೆ. ಬಟ್ಟೆಗೆ ಬಂದವರು ಬಟ್ಟೆ ಮರೆತು ಕೂರುತ್ತಾರೆ. ಅವರದ್ದು ಒಂದು ಸಾಲೂ ಅಚ್ಚಾಗಿಲ್ಲ.

ಬಸ್ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಹಿಡಿದ ಕೆಲಸ ಇದು. ಅದಕ್ಕೂ ಮೊದಲು ಬೇಕರಿ, ಅದಕ್ಕೂ ಮೊದಲು ವಲಸಿಗರ ಡೇರೆ. ರೊಮೇನಿಯಾದಿಂದ ಹಡಗು ಹತ್ತಿದಾಗ ಅವರಿಗೆ ಹನ್ನೆರಡು. ನಾಲ್ಕನೆಯ ನೋಟ್‌ಬುಕ್ಕಿನ ತುಂಬ ಆ ಹಡಗೇ ಇತ್ತು. ಒಂದು ಗುರುವಾರ ಅದರಿಂದ ಓದಿದ ಪುಟ ಇದು:

"ಅಕ್ಕಂಗೂ ನಂಗೂ ಸೇರಿ ಒಂದೇ ಜೊತೆ ಬೂಟು. ಒಬ್ಬಳು ಮೇಲೆ ಹೋದ್ರೆ ಇನ್ನೊಬ್ಬಳು ಕೆಳಗೆ ಕೂತಿರ್ಬೇಕು. ಹೈಫಾ ಕಾಣಿಸ್ದಾಗ ಸರದಿ ಅಕ್ಕಂದು. ಬೆಟ್ಟ ಹೇಗಿದ್ಯೇ ಅಂದೆ. ಯಾರೋ ಮಲ್ಗಿದಂಗಿದೆ, ಗದ್ದಲ ಮಾಡ್ಬೇಡ ಅಂದ್ಲು. ನಾನು ಬರ್ದಿರೋ ಹೈಫಾ ಎಲ್ಲ ಅವಳು ಕಂಡದ್ದು. ಅವಳು ಸತ್ತು ಇಪ್ಪತ್ತು ವರ್ಷ ಆಯ್ತು, ಆ ಒಂದು ನೋಟಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ ನಂಗೆ."

ಈ ಪುಟ ಕೇಳಿದ ದಿನ ನಾನು ಮನೆಗೆ ಹೋಗಿ, ಬರೆಯುತ್ತಿದ್ದ ಕಾದಂಬರಿಯ ಬಂದರಿನ ಅಧ್ಯಾಯವನ್ನು ಹರಿದು ಹಾಕಿದೆ. ಯಾಕೆ ಮುಖ ಹೀಗಿದೆ ಎಂದು ಹೆಂಡತಿ ಕೇಳಿದಳು. ಹಲ್ಲುನೋವು ಎಂದೆ.

ಕಳೆದ ತಿಂಗಳು ಪ್ರಾರ್ಥನಾ ಮಂದಿರ ನೋಡಿಕೊಳ್ಳುವ ಸಸ್ಸೋನ್ ಇಸ್ತ್ರಿಗೆ ಕೊಟ್ಟಿದ್ದ ಮೇಜುವಸ್ತ್ರಗಳನ್ನು ಒಯ್ದ. ಅವುಗಳ ಮಡಿಕೆಯಲ್ಲಿ ಆ ನೋಟ್‌ಬುಕ್ಕೂ ಹೋಯಿತು. ದೇವರ ಹೆಸರಿರುವ ಹಾಳೆಯನ್ನು ನಾವು ಯಹೂದಿಗಳು ಎಸೆಯುವುದಿಲ್ಲ. ಹರಿದ ಪ್ರಾರ್ಥನಾ ಪುಸ್ತಕಗಳನ್ನು ಮಂದಿರದ ಮರದ ಪೆಟ್ಟಿಗೆಯಲ್ಲಿ ಕೂಡಿಟ್ಟು, ತುಂಬಿದ ಮೇಲೆ ಸ್ಮಶಾನದಲ್ಲಿ ಹೂಳುತ್ತೇವೆ. ಯಿದ್ದಿಷ್‌ಗೂ ಹೀಬ್ರೂವಿನದೇ ಲಿಪಿ. ಬಾಗ್ದಾದ್ ಕಡೆಯವನಾದ ಸಸ್ಸೋನ್‌ಗೆ ಯಿದ್ದಿಷ್ ಬರುವುದಿಲ್ಲ.

ಪೇಸ್ಯಾ ಒಂದು ವಾರ ಹುಡುಕುತ್ತಾರೆ. ಕಪಾಟು, ಹಾಸಿಗೆ, ಹಿಟ್ಟಿನ ಡಬ್ಬ. ಬೇರೆ ಪ್ರತಿ ಇಲ್ಲ. "ಬರ್ದಿದ್ದೇ ಸುಳ್ಳೇನೋ, ತಲೆ ಕೆಟ್ಟಿತೇನೋ ಅಂತ ಹೆದರ್ಕೊಂಡೆ," ಅನ್ನುತ್ತಾರೆ. ಕೊನೆಗೆ ವಿಷಯ ತಿಳಿದ ಸಸ್ಸೋನ್ ಕೇಕ್ ಹಿಡಿದು ಬರುತ್ತಾನೆ.

"ಅಕ್ಷರ ಏನೋ ನಮ್ಮದೇ ಪೇಸ್ಯಾ, ಅರ್ಥ ಆಗ್ಲಿಲ್ಲ. ಅರ್ಥ ಆಗ್ದೇ ಇದ್ಮೇಲೆ ಪವಿತ್ರವೇ ಇರ್ಬೇಕು ಅಂತ ಪೆಟ್ಟಿಗೆಗೆ ಹಾಕ್ದೆ. ಮೊನ್ನೆ ಸೋಮವಾರ ಹೂತಾಯ್ತು."

"ನಿನ್ನಂಥ ವಿಮರ್ಶಕ ಮೊದ್ಲೇ ಸಿಗ್ಬಾರ್ದಿತ್ತಾ," ಎಂದು ಪೇಸ್ಯಾ ಕೇಕ್ ಕತ್ತರಿಸುತ್ತಾರೆ. ಹೂತದ್ದನ್ನು ಅಗೆದು ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಮರುದಿನದಿಂದಲೇ ಹೊಸ ನೋಟ್‌ಬುಕ್ ತೆರೆದಿದ್ದಾರೆ, ಹಡಗು ಹತ್ತುವಲ್ಲಿಂದ. ಮುಗಿಸುವಷ್ಟು ಆಯುಸ್ಸು ಇದೆಯೋ ಇಲ್ಲವೋ ಎಂಬ ಲೆಕ್ಕ ಅವರಿಗೂ ಗೊತ್ತು, ನನಗೂ ಗೊತ್ತು.

ಇಲ್ಲಿಗೆ ಲೇಖನ ಮುಗಿಸಿ ಕಳಿಸಬಹುದಿತ್ತು. ಆದರೆ ಆ ಸೋಮವಾರದ ಹಿಂದಿನ ಶುಕ್ರವಾರ ಸಂಜೆ ಮಂದಿರದ ಪೆಟ್ಟಿಗೆಯ ಬಾಯಲ್ಲಿ ಹಸಿರು ರಟ್ಟನ್ನು ನಾನು ಕಂಡಿದ್ದೆ. ಯಾರದೆಂದು ಗುರುತೂ ಸಿಕ್ಕಿತ್ತು. ಕೈ ಚಾಚಿದರೆ ಸಾಕಿತ್ತು. ಸುಮ್ಮನೆ ಬಂದೆ. ಹೂಳುವಾಗ ಪ್ರಾರ್ಥನೆಗೆ ನಿಂತ ಹತ್ತು ಜನರಲ್ಲಿ ನಾನೂ ಒಬ್ಬ. ಆಮೆನ್ ಕೂಡ ಅಂದೆ.

ಇವತ್ತು ಪೇಸ್ಯಾ ನನ್ನ ಮುಂದೆ ಟೀ ಇಡುತ್ತಾರೆ. ಲೋಟವನ್ನು ಪಕ್ಕಕ್ಕೆ ಸರಿಸುತ್ತೇನೆ. ಹೇಳಿಬಿಡುತ್ತೇನೆ.

ಅವರು ಕಾಲರ್ ಉಜ್ಜುತ್ತಲೇ ಇರುತ್ತಾರೆ. "ಬೂಟಿನ ಪುಟಕ್ಕಾ?"

"ಹೂಂ, ಅದಕ್ಕೇ."

"ಕೇಡಿಗ," ಅನ್ನುತ್ತಾರೆ. ನನ್ನತ್ತ ತಿರುಗಿಯೂ ನೋಡುವುದಿಲ್ಲ. ಒಂದು ಅಂಗಿ ಮುಗಿಯುತ್ತದೆ, ಇನ್ನೊಂದು ಮುಗಿಯುತ್ತದೆ. ಮೂರನೆಯದರ ತೋಳಿನಲ್ಲಿ ಇಸ್ತ್ರಿಪೆಟ್ಟಿಗೆ ನಿಲ್ಲುತ್ತದೆ.

"ಅಷ್ಟು ಚೆನ್ನಾಗಿತ್ತಾ?"

"ಅಷ್ಟು ಚೆನ್ನಾಗಿತ್ತು."

"ಹಾಗಾದ್ರೆ ಪೇಪರ್‌ನಲ್ಲಿ ಅದನ್ನೇ ಬರಿ. ಪಾಪದ ಮುದುಕಿ, ನಲವತ್ತು ಅಂಗಿ, ಅವೆಲ್ಲ ಬೇಡ. ಮೂರು ಪುಸ್ತಕ ಬರ್ದಿರೋ ಒಬ್ಬ ಲೇಖಕ ತಡ್ಕೊಳ್ಳೋಕಾಗ್ದೆ ಅದನ್ನ ಹೂಳೋಕೆ ಬಿಟ್ಟ ಅಂತ ಬರಿ."